ಫ್ಯೂಸಿನ ಲಾಗ್‌ಬುಕ್ಕು

ನಮ್ಮ ಸೋದರಮಾವನ ಮನೆಗೆ ಹೋಗಿ ಬರಿಗೈಯಲ್ಲಿ ವಾಪಸ್ ಬಂದವರಿಲ್ಲ. ತೆಂಗಿನಕಾಯಿ ಕೊಡುತ್ತಾರೆ, ಸೀಬೆಹಣ್ಣು ಕೊಡುತ್ತಾರೆ, ಹಿತ್ತಿಲಲ್ಲಿ ನುಗ್ಗೆ ಬಿಟ್ಟಿದ್ದರೆ ಕಂಕುಳಿಗೆ ಒಂದು ಕಂತೆ ತುರುಕುತ್ತಾರೆ. ಇದೆಲ್ಲ ಸರಿ. ಜೊತೆಗೆ ಮೀನಖಂಡದ ಮೇಲೆ ನಾಲ್ಕು ಹಲ್ಲಿನ ಗುರುತನ್ನೂ ಕೊಟ್ಟು ಕಳಿಸುತ್ತಿದ್ದರಲ್ಲ, ಅದರ ಕಥೆ ಹೇಳಬೇಕು. ಕಚ್ಚುತ್ತಿದ್ದದ್ದು ನಾಯಿ, ಮಾವನಲ್ಲ. ಆದರೆ ಮಾವನನ್ನು ಬಲ್ಲ ನೆಂಟರಲ್ಲಿ ಕೆಲವರು ಮೊದಲು ಮಾವನ ಮೇಲೇ ಅನುಮಾನ ಪಟ್ಟರು!

ಮಾವ ಬ್ಲಫ್ ಅನ್ನುವ ಊರಿನ, ಕರೆಂಟು ತಯಾರಿಸುವ ಪವರ್ ಹೌಸಿನಲ್ಲಿ ಮೂವತ್ತನಾಲ್ಕು ವರ್ಷ ಆಪರೇಟರ್ ಆಗಿದ್ದವರು. ಅಲ್ಲಿ ಗಂಟೆಗೊಂದು ಸಲ ಮೀಟರುಗಳನ್ನೆಲ್ಲ ನೋಡಿ ಲಾಗ್‌ಬುಕ್ಕಿನಲ್ಲಿ ಬರೆಯಬೇಕು. ರಿಟೈರಾಗಿ ಮದ್ದೂರಿನ ಪಕ್ಕ ವೈದ್ಯನಾಥಪುರದಲ್ಲಿ ಮನೆ ಕಟ್ಟಿಸಿಕೊಂಡರು. ನೌಕರಿ ಬಿಟ್ಟಿತು, ಬರೆಯುವ ಚಟ ಬಿಡಲಿಲ್ಲ. ಉದ್ದನೆಯ ನೋಟ್‌ಬುಕ್ಕು ತಂದು ಗೀಟು ಎಳೆದು, ಗಂಟೆ ಹೊಡೆದ ಹಾಗೆ ಎದ್ದು ಬರೆಯತೊಡಗಿದರು. ‘ಹತ್ತು ಗಂಟೆ: ಟ್ಯಾಂಕು ಮುಕ್ಕಾಲು. ಎದುರಿನ ಟ್ರಾನ್ಸ್‌ಫಾರ್ಮರ್ ಸದ್ದು ಸರಿಯಿದೆ. ಮನೆಯವಳು ನಾರ್ಮಲ್.’ ಮನೆಯವಳು ಅಂದರೆ ನಮ್ಮ ಅತ್ತೆ. ನಾರ್ಮಲ್ ಅಂದರೆ ಬೈಯುತ್ತಿದ್ದಾಳೆ ಅಂತ. ಅತ್ತೆ ಬಾಯಿ ಮುಚ್ಚಿಕೊಂಡು ಕೂತರೆ ಮಾವ ದಿಗಿಲುಬಿದ್ದು ಕೆಂಪು ಇಂಕಿನಲ್ಲಿ ಬರೆಯುತ್ತಿದ್ದರು.

ಗಡಿಯಾರದ ಈ ಹುಚ್ಚಿಗೆ ನೆಂಟರೂ ಬಲಿಯಾಗುತ್ತಿದ್ದೆವು. ನಾನು ಮಂಡ್ಯದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವವಳು. ಭಾನುವಾರ ಹೋದರೆ ಸಂಜೆ ಐದೂಕಾಲಿನ ಬಸ್ಸಿಗೆ ವಾಪಸ್ಸು. ನಾಲ್ಕೂ ಮುಕ್ಕಾಲಕ್ಕೇ ಮಾವ ನನ್ನ ಚಪ್ಪಲಿ ತಿರುಗಿಸಿ ಇಟ್ಟಿರುತ್ತಿದ್ದರು. ಅತ್ತೆ ಇನ್ನೊಂದು ಲೋಟ ಕಾಫಿ ಬಗ್ಗಿಸಲು ಬಂದರೆ, ಬಸ್ಸೇನು ನಿನ್ನ ಕಾಫಿಗೆ ಕಾಯುತ್ತದೆಯೇ ಎಂದು ಲೋಟವನ್ನೇ ಕಸಿದುಕೊಂಡು ಗೇಟು ತೆಗೆದು ನಿಲ್ಲುತ್ತಿದ್ದರು. ಹೊರಡುವವರನ್ನು ತಡೆಯಬಾರದು ಅನ್ನುವುದು ಅವರ ಸಿದ್ಧಾಂತ. ನನಗೆ ಅದೆಷ್ಟು ಸಿಟ್ಟು ಬರುತ್ತಿತ್ತು ಗೊತ್ತೆ?

ಇನ್ನೂ ಒಂದು ರೋಗವಿತ್ತು, ಲೈನ್ ಕ್ಲಿಯರ್ ಅಂತ. ಕರೆಂಟಿನವರಲ್ಲಿ ಅದೊಂದು ಪದ್ಧತಿ. ಲೈನಿನ ಮೇಲೆ ಕೆಲಸ ಮಾಡುವವನು ಆಪರೇಟರಿನ ಹತ್ತಿರ ಕರೆಂಟು ತೆಗೆಸಿ, ಚೀಟಿ ಪಡೆದು ಹೋಗುತ್ತಾನೆ. ಕೆಲಸ ಮುಗಿಸಿ ಅವನೇ ಬಂದು ಚೀಟಿ ವಾಪಸ್ ಕೊಡುವ ತನಕ, ಊರಿಗೆ ಊರೇ ಕತ್ತಲಲ್ಲಿ ಕೂತು ಶಾಪ ಹಾಕಿದರೂ ಸ್ವಿಚ್ ಮುಟ್ಟುವಂತಿಲ್ಲ. ಅವನ ಅಣ್ಣ ಬಂದರೂ ಇಲ್ಲ, ಇಂಜಿನಿಯರೇ ಬಂದರೂ ಇಲ್ಲ. ಮಾವ ಇದನ್ನು ಅಡುಗೆಮನೆಗೆ ತಂದರು. ಅತ್ತೆ ಮಿಕ್ಸಿ ಬಿಚ್ಚಿ ತೊಳೆಯಲು ಕೂತರೆ ಸ್ವಿಚ್ಚಿಗೆ ಕೆಂಪು ಬಟ್ಟೆ ಕಟ್ಟುವುದು, ಅತ್ತೆಯೇ ಬಂದು ‘ಆಯ್ತು’ ಅನ್ನುವ ತನಕ ಬಿಚ್ಚದಿರುವುದು. ಒಂದು ಸಲ ಅತ್ತೆ ‘ಆಯ್ತು’ ಅನ್ನುವುದನ್ನು ಮರೆತು ತವರಿಗೆ, ಬೆಸಗರಹಳ್ಳಿಗೆ, ಹೊರಟುಹೋದರು. ಮಾವ ಮೂರು ದಿನ ಚಟ್ನಿಯಿಲ್ಲದೆ ರೊಟ್ಟಿ ತಿಂದರು. ಬಟ್ಟೆ ಬಿಚ್ಚಿ ಸ್ವಿಚ್ ಹಾಕಿಕೊಳ್ಳಬಾರದಿತ್ತೆ ಮಾವ ಅಂದೆ.

“ಅವ್ಳು ಬಂದು ಯೇಳ್ದೆ ನಾನೆಂಗಮ್ಮ ಆಕ್ಲಿ” ಅಂದರು.

ಇವರಿಗೆ ಮಕ್ಕಳಿಲ್ಲ. ಇದ್ದದ್ದು ಫ್ಯೂಸು. ಮದ್ದೂರು ಬಸ್ ಸ್ಟ್ಯಾಂಡಿನ ತರಕಾರಿ ಗಾಡಿಯೊಂದರ ಕೆಳಗೆ ಸಿಕ್ಕ ಮರಿಯನ್ನು ಅತ್ತೆ ತಮ್ಮ ಹಸಿರು ವೈರ್ ಬ್ಯಾಗಿನಲ್ಲಿ, ಬದನೆಕಾಯಿಯ ಮೇಲೆ ಕೂರಿಸಿಕೊಂಡು ತಂದರು. ತಂದ ಗಳಿಗೆಯಲ್ಲಿ ಮನೆಯಲ್ಲಿ ಕರೆಂಟಿರಲಿಲ್ಲ. ಊರಿಗೆಲ್ಲ ಬೆಳಕು ಕೊಟ್ಟ ಮಾವ ಸ್ಟೂಲಿನ ಮೇಲೆ ನಿಂತು ಸ್ವಂತ ಮನೆಯ ಫ್ಯೂಸು ತಡಕಾಡುತ್ತಿದ್ದರು. ಮರಿಗೆ ಹೆಸರು ಅಲ್ಲೇ ಸಿಕ್ಕಿತು. ಕಂದು ಬಣ್ಣ, ಒಂದು ಕಿವಿ ನಿಂತಿದೆ, ಒಂದು ಬಿದ್ದಿದೆ. ಇರುವೆ ಸಾಲು ಬಂದರೆ ದಾಟಿಕೊಂಡು ಹೋಗುವಷ್ಟು ಸಾಧು. ಅತ್ತೆ ಬಾವಿಗೆ ಹೋದರೆ ಬಾವಿಗೆ, ಹಿತ್ತಿಲಿಗೆ ಹೋದರೆ ಹಿತ್ತಿಲಿಗೆ. ಮಾವನಂತೂ ಅದಕ್ಕೆ ಮನೆಯಲ್ಲಿರುವ ಇನ್ನೊಂದು ಸಾಮಾನು.

ಹೋದ ವರ್ಷ ಯುಗಾದಿ ಕಳೆದ ಮೇಲೆ ಅತ್ತೆ ತೀರಿಕೊಂಡರು. ಬೆಳಿಗ್ಗೆ ಎದೆ ನೋವು ಅಂದರು, ಆಂಬುಲೆನ್ಸಿನಲ್ಲಿ ಮಂಡ್ಯಕ್ಕೆ ಕರೆದೊಯ್ದರು, ಸಂಜೆ ಹೆಣ ಬಂತು. ತೋಟದಲ್ಲಿ ಮಣ್ಣು ಮಾಡಿದೆವು. ಮಾವ ಅಳಲಿಲ್ಲ. ಲಾಗ್‌ಬುಕ್ಕು ಮುಚ್ಚಿ ಬೀರುವಿನ ಮೇಲಿಟ್ಟರು, ಅಷ್ಟೇ. ಆಮೇಲೆ ಆ ಮನೆಯಲ್ಲಿ ಹತ್ತು ಗಂಟೆಯೂ ಒಂದೇ, ನಾಲ್ಕು ಗಂಟೆಯೂ ಒಂದೇ ಆಯಿತು. ನಾವು ಹೋದರೆ ‘ಬಾಮ್ಮ’ ಅನ್ನುವುದು, ಹೊರಟರೆ ಎದ್ದು ಗೇಟು ತೆಗೆಯುವುದು. ನಡುವೆ ಮಾತಿಲ್ಲ.

ತಿಂಗಳು ಕಳೆದಿರಲಿಲ್ಲ, ಫ್ಯೂಸು ಕಚ್ಚಲು ಶುರು ಮಾಡಿತು. ಮೊದಲು ಮೀಟರ್ ರೀಡಿಂಗಿನವನಿಗೆ. ಆಮೇಲೆ ಹಾಲಿನವಳಿಗೆ. ಮೂರನೆಯದು ಪಂಪ್‌ಸೆಟ್ ರಿಪೇರಿಯವನು. ನನಗೆ ಇವರ ಮೇಲೆಲ್ಲ ಮರುಕಕ್ಕಿಂತ ಅನುಮಾನವೇ ಜಾಸ್ತಿ ಇತ್ತು. ಇವರೇ ಏನೋ ಚೇಷ್ಟೆ ಮಾಡಿರಬೇಕು, ಅಷ್ಟು ಸಾಧು ಪ್ರಾಣಿ ಸುಮ್ಮಸುಮ್ಮನೆ ಕಚ್ಚುತ್ತದೆಯೇ? ನಾನು ಹೋದ ಭಾನುವಾರ ಗೇಟಿನಿಂದಲೇ ಕುಣಿಯುತ್ತಾ ಬಂತು, ಮೂರು ಗಂಟೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು. ನೋಡಿದಿರಾ ಮಾವ, ನಮ್ಮ ನಡತೆ ಚೆನ್ನಾಗಿದ್ದರೆ ನಾಯಿಯೂ ಚೆನ್ನಾಗಿರುತ್ತದೆ ಎಂದು ಉಪದೇಶ ಮಾಡಿ, ಬ್ಯಾಗು ಹೆಗಲಿಗೇರಿಸಿ ನಾಲ್ಕು ಹೆಜ್ಜೆ ಇಟ್ಟಿದ್ದೆ. ಮೀನಖಂಡಕ್ಕೆ ಬೆಂಕಿ ಬಿದ್ದ ಹಾಗಾಯಿತು.

ಮದ್ದೂರಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುವ ಸಿಸ್ಟರು ಯಾರ ಮನೆ ನಾಯಿ ಅಂತ ಕೇಳಿದರು. ಹೇಳಿದೆ. ವೈದ್ಯನಾಥಪುರದ ಕರೆಂಟಿನವರ ಮನೆಯದಾ, ಹಾಗಾದರೆ ನೀವು ನಾಲ್ಕನೆಯವರು ಅಂದರು. ಮುಂದಿನ ಡೋಸುಗಳಿಗೆ ಬರಬೇಕಾದ ದಿನಗಳನ್ನು ನಾನು ಕೇಳುವ ಮೊದಲೇ ಚೀಟಿಯಲ್ಲಿ ಬರೆದುಕೊಟ್ಟರು. ಆ ಮನೆಯ ಹೆಸರಿಗೆ ಆಸ್ಪತ್ರೆಯಲ್ಲಿ ಅಷ್ಟು ಮರ್ಯಾದೆ ಬಂದಿತ್ತು.

ಐದನೆಯವರು ಪಕ್ಕದ ಮನೆ ಯಜಮಾನರು. ಊರಿನಲ್ಲಿ ನಾಲ್ಕು ಜನ ಮಾತು ಕೇಳುವ ಹಿರಿಯರು, ಹಾರೆ ಕೇಳಲು ಬಂದಿದ್ದರು. ಹಾರೆ ಹಿಡಿದು ಹೊರಟವರನ್ನು ಫ್ಯೂಸು ಹಿಡಿಯಿತು. ಅವತ್ತೇ ಊರವರು ನಾಲ್ಕು ಜನ ಮಾವನ ಜಗಲಿಗೆ ಬಂದು ಕೂತರು. ಮಕ್ಕಳು ಮರಿ ಓಡಾಡುವ ಬೀದಿ, ಇನ್ನು ಆಗುವುದಿಲ್ಲ, ನಾಯಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಮಳವಳ್ಳಿ ದಾಟಿಸಿ ಮುತ್ತತ್ತಿ ಕಾಡಿಗೆ ಬಿಟ್ಟು ಬರುತ್ತೇವೆ ಅಂದರು. ಆ ಕಾಡಿನಲ್ಲಿ ಚಿರತೆಯಿದೆ ಅನ್ನುವುದು ಅವರಿಗೂ ಗೊತ್ತು, ಮಾವನಿಗೂ ಗೊತ್ತು. ಯಾರ ಮುಂದೆಯೂ ಹಲ್ಲು ಗಿಂಜದ ನಮ್ಮ ಮಾವ ಎದ್ದು ನಿಂತು ಕೈ ಮುಗಿದರು.

“ಒಂದು ತಿಂಗ್ಳು ಟೈಮ್ ಕೊಡಿ. ತಿದ್ದುತೀನಿ. ಆಗ್ನಿಲ್ಲಾ ಅಂದ್ರೆ ನಾನೇ ಓಗಿ ಬುಟ್ಟು ಬತ್ತೀನಿ.”

ಯಜಮಾನರು ಕಾಲಿನ ಬ್ಯಾಂಡೇಜು ಸವರಿಕೊಳ್ಳುತ್ತಾ ಒಪ್ಪಿದರು. ತಿಂಗಳು ತುಂಬಿದ ದಿನ ತಾವೇ ಬಂದು ನೋಡುತ್ತೇವೆ, ಒಂದೇ ಒಂದು ಹಲ್ಲು ತಾಗಿದರೂ ಟೆಂಪೋ ಬರುತ್ತದೆ ಅಂತ ತೀರ್ಮಾನವಾಯಿತು.

ಉಪಾಯ ಹೇಳಲು ಜನಕ್ಕೆ ಬರವೇ? ಮೂಗಿಗೆ ಖಾರದ ಪುಡಿ ಊದಿ, ಕೊರಳಿಗೆ ತಾಯತ ಕಟ್ಟಿಸಿ, ಎರಡು ದಿನ ಅನ್ನ ಹಾಕಬೇಡಿ. ಮಳವಳ್ಳಿಯಿಂದ ನಾಯಿ ಪಳಗಿಸುವವರೊಬ್ಬರು ಬಂದರು. ಜೇಬು ಜೇಬಾದ ಪ್ಯಾಂಟು, ಮಂಡಿವರೆಗೆ ಬೂಟು, ಕೈಯಲ್ಲಿ ಬೆತ್ತ. ಫ್ಯೂಸು ಅವರ ಬೂಟು ನೆಕ್ಕಿತು, ಹೇಳಿದ ಹಾಗೆ ಕೂತಿತು, ಕೇಳಿದ ಕಾಲು ಕೊಟ್ಟಿತು. ಆತ ನಮ್ಮನ್ನು ಕನಿಕರದಿಂದ ನೋಡಿ, ನಾಯಿಯದೇನೂ ತಪ್ಪಿಲ್ಲ, ನಿಮಗೇ ತರಬೇತಿ ಬೇಕು ಅಂದರು. ಊಟ ಮಾಡಿದರು. ಚೀಲ ಎತ್ತಿಕೊಂಡು ಹೊರಟರು. ಮುಂದಿನದನ್ನು ನಾನು ವಿವರಿಸುವುದಿಲ್ಲ. ಅವರು ಗೇಟಿನಿಂದ ಹೋಗದೆ ನುಗ್ಗೆಮರ ಹತ್ತಿ ಕಾಂಪೌಂಡಿನ ಆಚೆ ಇಳಿದರು. ಬೆತ್ತ ಈಗಲೂ ಮಾವನ ಮನೆಯಲ್ಲಿದೆ, ಒಣಗಿದ ಬಟ್ಟೆ ತೆಗೆಯಲು ಬಳಸುತ್ತಾರೆ.

ಕಡೆಗೆ ಮದ್ದೂರಿನ ಪಶುವೈದ್ಯೆಯ ಹತ್ತಿರ ಹೋದೆವು. ಮೆಲುದನಿಯ ಹೆಂಗಸು. ಮೊದಲು ಮೈಯಲ್ಲಿ ಎಲ್ಲಾದರೂ ನೋವಿದೆಯೇ ಅಂತ ಒತ್ತಿ ಒತ್ತಿ ನೋಡಿದರು, ಇರಲಿಲ್ಲ. ಹೊಡೆಯಬಾರದು, ಉಪವಾಸ ಕೆಡವಬಾರದು, ಹೆದರಿದ ನಾಯಿಯನ್ನು ಹೊಡೆದರೆ ಅದು ಇನ್ನಷ್ಟು ಹೆದರುತ್ತದೆ, ಸದ್ಯಕ್ಕೆ ಜನ ಬಂದಾಗ ಬಾಯಿಗೆ ಕುಕ್ಕೆ ಹಾಕಿ ಅಂದರು. ಕೊನೆಗೆ ಒಂದು ಮಾತು ಹೇಳಿದರು: ಕಚ್ಚಿದ್ದು ಬಿಡಿ, ಕಚ್ಚುವುದಕ್ಕೆ ಮುಂಚೆ ಏನಾಯಿತು ಅನ್ನುವುದನ್ನು ಪ್ರತಿ ಸಲವೂ ಬರೆದಿಟ್ಟುಕೊಂಡು ತನ್ನಿ. ಬರೆಯಿರಿ ಅಂತ ಹೇಳಿದ್ದು ಯಾರಿಗೆ! ಅತ್ತೆ ಹೋದಂದಿನಿಂದ ಬೀರುವಿನ ಮೇಲೆ ಧೂಳು ತಿನ್ನುತ್ತಿದ್ದ ಲಾಗ್‌ಬುಕ್ಕು ಅವತ್ತು ಕೆಳಗಿಳಿಯಿತು.

ಮುಂದಿನ ಭಾನುವಾರ ಹೋದಾಗ ಫ್ಯೂಸಿನ ಬಾಯಿಗೆ ಒಕ್ಕಣೆಯ ಎತ್ತಿಗೆ ಹಾಕುವಂಥದೇ ಪುಟ್ಟ ಕುಕ್ಕೆ ಇತ್ತು. ಮಾವ ಪುಸ್ತಕವನ್ನು ನನ್ನ ಮುಂದೆ ಇಟ್ಟರು. ‘ಏಳು ಗಂಟೆ: ಹಾಲಿನವಳು ಬಂದಳು. ಫ್ಯೂಸು ನಾರ್ಮಲ್. ಏಳೂ ಐದು: ಹಾಲಿನವಳು ಕ್ಯಾನು ಎತ್ತಿಕೊಂಡಳು. ಟ್ರಿಪ್.’ ಚೆನ್ನಾಗಿ ಓಡುತ್ತಿದ್ದ ಲೈನು ದಿಢೀರನೆ ನಿಂತುಹೋಗುವುದಕ್ಕೆ ಪವರ್ ಹೌಸಿನಲ್ಲಿ ಟ್ರಿಪ್ ಅನ್ನುತ್ತಾರೆ. ‘ಹನ್ನೊಂದು: ಪೋಸ್ಟಿನವನು ಬಂದ, ಕೂತ, ನೀರು ಕುಡಿದ. ನಾರ್ಮಲ್. ಹನ್ನೊಂದೂ ಹತ್ತು: ಚೀಲ ತಗಲಿಸಿಕೊಂಡ. ಟ್ರಿಪ್.’ ವಾರವಿಡೀ ಹೀಗೇ. ಗಣಿತದವಳಿಗೆ ಇಷ್ಟು ಕಂಡರೆ ಸಾಲದೆ? ನಾಯಿ ಮನೆಗೆ ಬರುವವರನ್ನು ಕಚ್ಚುತ್ತದೆ ಅಂತ ನಾವೆಲ್ಲ ಹುಟ್ಟಿದಾಗಿನಿಂದ ನಂಬಿಕೊಂಡು ಬಂದಿದ್ದೇವೆ. ಇದು ಒಬ್ಬರನ್ನೂ ಬರುವಾಗ ಮುಟ್ಟಿಲ್ಲ. ನನ್ನ ಗಾಯ, ಯಜಮಾನರ ಗಾಯ, ಹಾಲಿನವಳ ಗಾಯ, ಎಲ್ಲವೂ ಕಾಲಿನ ಹಿಂಬದಿಗೇ ಇವೆ.

ಇದು ಹೋಗುವವರನ್ನು ಕಚ್ಚುತ್ತದೆ ಮಾವ ಅಂದೆ. ಚೀಲ ಹಿಡಿದು ಗೇಟು ದಾಟುವವರನ್ನು.

ಮಾವ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ. ಎದ್ದು ಹಿತ್ತಿಲಿಗೆ ಹೋದವರು ಬಹಳ ಹೊತ್ತು ಬರಲಿಲ್ಲ. ನಾನು ಬುದ್ಧಿವಂತೆಯ ಹಾಗೆ ಜಗಲಿಯಲ್ಲಿ ಬೀಗುತ್ತಾ ಕೂತಿದ್ದೆ. ನನಗೆ ಗೊತ್ತಾದದ್ದು ಅರ್ಧ ಮಾತ್ರ.

ಪಶುವೈದ್ಯೆ ಪುಸ್ತಕ ನೋಡಿ ಪಾಠ ಹೇಳಿಕೊಟ್ಟರು. ಹೋದವರು ವಾಪಸ್ ಬರುತ್ತಾರೆ ಅನ್ನುವುದನ್ನು ನಾಯಿಗೆ ಕಲಿಸಬೇಕು. ಮೊದಲ ದಿನ ಬ್ಯಾಗು ಎತ್ತಿ ಕೆಳಗಿಡುವುದು, ಸುಮ್ಮನಿದ್ದರೆ ಬೇಯಿಸಿದ ಕೋಳಿಯ ಈಲಿ, ಅಂದರೆ ಲಿವರಿನ, ಒಂದು ಚೂರು ಕೊಡುವುದು. ಆಮೇಲೆ ಬ್ಯಾಗು ಹಿಡಿದು ಬಾಗಿಲ ತನಕ. ಆಮೇಲೆ ಗೇಟಿನ ತನಕ. ಆಮೇಲೆ ಗೇಟಿನಾಚೆ ಒಂದು ನಿಮಿಷ, ಎರಡು ನಿಮಿಷ. ಅವಸರ ಮಾಡಿದರೆ ಮೊದಲಿನಿಂದ ಶುರು. ಮನೆಯಲ್ಲಿ ಬೇಕಾದಷ್ಟು ಚೀಲಗಳಿದ್ದರೂ ಮಾವ ಅತ್ತೆಯ ಹಸಿರು ವೈರ್ ಬ್ಯಾಗನ್ನೇ ತೆಗೆದುಕೊಂಡರು. ಅದನ್ನು ಮೊಳೆಯಿಂದ ತೆಗೆದದ್ದೇ ತಡ, ಫ್ಯೂಸು ಕಚ್ಚಲಿಲ್ಲ, ಬೊಗಳಲಿಲ್ಲ, ಊಳಿಟ್ಟಿತು. ಬೇರೆ ಬ್ಯಾಗು ತಗೊಳ್ಳಿ ಅಂದರೆ ಕೇಳಲಿಲ್ಲ. ಕಷ್ಟದ ಲೈನನ್ನೇ ಮೊದಲು ರಿಪೇರಿ ಮಾಡಬೇಕಂತೆ.

ಊರಿಗೆ ಪುಕ್ಕಟೆ ನಾಟಕ ಸಿಕ್ಕಿತು. ಹೆಂಡತಿಯ ಬ್ಯಾಗು ಹಿಡಿದ ಅರವತ್ತೆಂಟರ ಗಂಡಸು ಗೇಟು ತೆಗೆದು ಹೊರಗೆ ಬರುವುದು, ಗಡಿಯಾರ ನೋಡುವುದು, ಒಳಗೆ ಹೋಗುವುದು, ಮತ್ತೆ ಬರುವುದು. ದಿನಕ್ಕೆ ನಲವತ್ತು ಸಲ! ಬಸ್ಸಿನವರು ಎರಡು ದಿನ ಮಾವನಿಗಾಗಿ ನಿಲ್ಲಿಸಿದರು. ಮೂರನೆಯ ದಿನ ಕಂಡಕ್ಟರು ಇಳಿದು ಬಂದು, ಯಜಮಾನ್ರೇ ಹತ್ತುತ್ತೀರೋ ಇಲ್ಲವೋ ಅಂದ. ಒಂದು ನಿಮಿಷದ ಮಟ್ಟಿಗೆ ಊರಿಗೆ ಹೋಗುತ್ತಿದ್ದೇನೆ, ನೀನು ನಡಿ ಅಂದರು ಮಾವ. ಹೆಂಡತಿ ಹೋದ ಮೇಲೆ ತಲೆ ಕೆಟ್ಟಿದೆ ಪಾಪ ಅಂತ ಬಸ್ಸು ಪೂರ್ತಿ ಮಾತಾಡಿಕೊಂಡಿತು.

ಮೂರನೆಯ ವಾರಕ್ಕೆ ಬೇರೆ ಜನ ಬೇಕಾದರು. ಹಾಲಿನವಳು, ಪೋಸ್ಟಿನವನು, ಎದುರು ಮನೆಯವರು ಎಲ್ಲರೂ ಬಂದು ಕೂತು, ಹೋಗಿ, ಐದು ನಿಮಿಷ ಬಿಟ್ಟು ವಾಪಸ್ ಬರಬೇಕು. ಪುಕ್ಕಟೆ ಯಾರು ಬರುತ್ತಾರೆ? ಮಾವ ಮದ್ದೂರಿನಿಂದ ವಡೆ ತರಿಸಿದರು. ಫ್ಯೂಸಿಗೆ ಈಲಿ, ಊರವರಿಗೆ ವಡೆ. ನಾಯಿಗಿಂತ ಊರವರು ಬೇಗ ಪಳಗಿದರು. ಕೊನೆಕೊನೆಗೆ ಕರೆಯದವರೂ ಬಂದು ಹೋಗಿ ಬಂದು ಹೋಗಿ ಮಾಡತೊಡಗಿ, ಮಾವ ಒಬ್ಬರಿಗೆ ದಿನಕ್ಕೆ ಎರಡೇ ಸಲ ಅಂತ ಕಟ್ಟು ಮಾಡಬೇಕಾಯಿತು. ಈ ಗಲಾಟೆಯಲ್ಲಿ ಮಾವ ಮಾತಾಡಲು ಶುರು ಮಾಡಿದ್ದನ್ನು ನಾನು ಗಮನಿಸಿದೆ. ಲಾಗ್‌ಬುಕ್ಕಿನಲ್ಲಿ ಟ್ರಿಪ್‌ಗಳು ಕಡಿಮೆಯಾಗುತ್ತಾ ಬಂದವು. ಪೂರ್ತಿ ನಿಂತಿರಲಿಲ್ಲ. ತಿಂಗಳು ತುಂಬಲು ಎರಡು ದಿನವಿದ್ದಾಗಲೂ ಹಾಲಿನವಳ ಮೇಲೆ ಒಮ್ಮೆ ಎಗರಿತ್ತು, ಕುಕ್ಕೆಯಿತ್ತು ಅಂತ ಬಚಾವಾಯಿತು.

ಗಡುವಿನ ದಿನ ಭಾನುವಾರ. ಯಜಮಾನರೂ ಇನ್ನು ಮೂವರೂ ಮೂರು ಗಂಟೆಗೆ ಬಂದರು. ಪಶುವೈದ್ಯೆಯೂ ಬಂದಿದ್ದರು. ಟೆಂಪೋ ಬೇವಿನ ಮರದ ಕೆಳಗೆ ನಿಂತಿತ್ತು, ಅದರೊಳಗೆ ಹಗ್ಗವೂ ಗೋಣಿಚೀಲವೂ ಇದ್ದದ್ದು ಜಗಲಿಗೇ ಕಾಣುತ್ತಿತ್ತು. ಕುಕ್ಕೆ ತೆಗೆಯಿರಿ, ಇಲ್ಲದಿದ್ದರೆ ಏನು ಪರೀಕ್ಷೆ ಅಂದರು ಯಜಮಾನರು. ಪಶುವೈದ್ಯೆ ತೆಗೆಯುವುದು ಬೇಡ ಅಂದರು, ಎಗರಿದರೆ ಗೊತ್ತಾಗಿಯೇ ಆಗುತ್ತದಲ್ಲ, ಎಗರಿದರೆ ಕಚ್ಚಿದ ಲೆಕ್ಕವೇ. ಯಜಮಾನರು ಸ್ವಲ್ಪ ಯೋಚಿಸಿ, ತಮ್ಮ ಕಾಲನ್ನೂ ಒಮ್ಮೆ ನೋಡಿಕೊಂಡು, ಆಗಲಿ ಅಂದರು. ಒಬ್ಬೊಬ್ಬರೇ ಚೀಲ ಹಿಡಿದು ಹೊರಟರು. ಫ್ಯೂಸು ಗೇಟಿನ ಪಕ್ಕ ಕೂತಿತ್ತು. ಮೈ ಗಡಗಡ ನಡುಗುತ್ತಿತ್ತು, ಗಂಟಲಲ್ಲಿ ಸಣ್ಣಗೆ ಕುಂಯ್ ಅನ್ನುತ್ತಿತ್ತು, ಎದ್ದರೆ ಸತ್ತೆ ಅನ್ನುವ ಹಾಗೆ ನೆಲಕ್ಕೆ ಅಂಟಿಕೊಂಡಿತ್ತು. ಕೊನೆಗೆ ಯಜಮಾನರು, ಹಾರೆ ಹಿಡಿದುಕೊಂಡೇ. ಅವರ ಹಿಮ್ಮಡಿ ಗೇಟು ದಾಟಿತು. ಫ್ಯೂಸು ಏಳಲಿಲ್ಲ. ಯಜಮಾನರು ಐದು ನಿಮಿಷ ಬಿಟ್ಟು ವಾಪಸ್ ಬಂದು ವಡೆ ಎಲ್ಲಿ ಅಂತ ಕೇಳಿದರು. ಟೆಂಪೋ ಖಾಲಿ ಹೋಯಿತು.

ಎಲ್ಲರೂ ಹೋದ ಮೇಲೆ ಜಗಲಿಯಲ್ಲಿ ನಾನು, ಮಾವ, ಮಧ್ಯೆ ಫ್ಯೂಸು. ಮಾವ ಅದರ ಕುಕ್ಕೆ ಬಿಚ್ಚಿ, ಬಿದ್ದ ಕಿವಿಯನ್ನು ಸವರುತ್ತಾ ಕೂತರು. ಗೆದ್ದ ಮುಖವಿರಲಿಲ್ಲ. ನಾನು ಕೇಳದೆಯೇ ಹೇಳಿದರು.

“ಅವತ್ತು ಆಂಬುಲೆನ್ಸು ಬಂತಲ್ಲ. ನಿಮ್ಮತ್ತೆ ನಡ್ಕಂಡೇ ಓದ್ಲು, ಆ ಅಸ್ರು ಬ್ಯಾಗು ಇಡ್ಕಂಡು. ಇವ್ನು ಗೇಟಿನ ತಾವ ಸೀರೆ ಕಚ್ಕಂಡು ಬುಡ್ಲೇ ಇಲ್ಲ. ನಾನು ಚಪ್ಲಿ ತಕಂಡು ನಾಕು ಬಾರ್ಸ್ದೆ. ಒಡೀಬ್ಯಾಡಿ ಅಂತ ನಂಗಂದು, ಸಂಜೆಗೆ ಬತ್ತೀನಿ ಕಣಪ್ಪ ಅಂತ ಇವನ್ಗೆ ಯೇಳ್ಬುಟ್ಟು ಗಾಡಿ ಅತ್ತುದ್ಲು. ನಾನು ಬೀಗ ಆಕ್ಕಂಡು ಆಮ್ಯಾಕೆ ಬಸ್ಸಿಗೆ ಬತ್ತೀನಿ ಅಂದೆ. ನಾನು ಓಗೋದ್ರೊಳ್ಗೆ ಮುಗ್ದೋಗಿತ್ತು.”

ಸಂಜೆ ಅತ್ತೆಯನ್ನು ತಂದಾಗ ಏನಾಯಿತು ಅನ್ನುವುದನ್ನೂ ಹೇಳಿದರು. ಜನ ಸೇರುತ್ತಾರೆ, ಅಡ್ಡ ಬರುತ್ತದೆ ಅಂತ ಫ್ಯೂಸನ್ನು ಹಿತ್ತಿಲ ಕೊಟ್ಟಿಗೆಗೆ ಕಟ್ಟಿ ಬಾಗಿಲು ಹಾಕಿದ್ದರಂತೆ. ಮಣ್ಣು ಮಾಡಿ, ಹಾಲು ತುಪ್ಪ ಬಿಟ್ಟು ಬಂದ ಮೇಲೆಯೇ ಬಿಚ್ಚಿದ್ದು. ನಾವೆಲ್ಲ ಅಲ್ಲೇ ಇದ್ದೆವು. ಅದು ಬೊಗಳುವುದು ಕೇಳಿ, ಸದ್ಯ ಕಟ್ಟಿದ್ದು ಒಳ್ಳೆಯದಾಯಿತು ಅಂತ ನಾನೇ ಅಂದಿದ್ದು ಈಗ ನೆನಪಿಗೆ ಬಂತು. ಅತ್ತೆ ವಾಪಸ್ ಬಂದದ್ದನ್ನು ಫ್ಯೂಸು ನೋಡಲೇ ಇಲ್ಲ.

“ಲೈನ್ ಕ್ಲಿಯರ್ ತಕಂಡೋಳು ಅವ್ಳು” ಅಂದರು ಮಾವ. “ವಾಪಸ್ ಕೊಡೋಕೆ ಅವ್ಳೇ ಬರ್ಬೇಕು. ಇವ್ನು ಕಾಯ್ತಾವ್ನೆ.” ಗೇಟಿನ ಕಡೆ ಕೈ ತೋರಿಸಿದರು. “ತಡ್ದೋನು ಇವ್ನೊಬ್ನೇ ಕಣಮ್ಮ. ನಾನು ಗೇಟು ತಗ್ದು ಇಡ್ಕಂಡು ನಿಂತಿದ್ದೆ.”

ನಿಮ್ಮಿಂದ ಏನು ಮಾಡಲಾಗುತ್ತಿತ್ತು ಮಾವ ಅನ್ನಬಹುದಿತ್ತು, ಅನ್ನಲಿಲ್ಲ. ಐದಾಗಿತ್ತು. ಬಸ್ಸು ಹಿಡಿಯುವುದೇ ಸುಲಭದ ದಾರಿ ಅನ್ನಿಸಿ ಬ್ಯಾಗು ಎತ್ತಿಕೊಂಡೆ. ಫ್ಯೂಸು ಎದ್ದು ನನ್ನ ಜೊತೆ ಗೇಟಿನ ತನಕ ಬಂದು, ಕಲಿಸಿದ ಹಾಗೆ ಪಕ್ಕಕ್ಕೆ ಸರಿದು ಕೂತಿತು. ಜಾಣ ಕಣೋ ನೀನು ಅಂತ ತಲೆ ಸವರಿ ಹೆಜ್ಜೆ ಮುಂದಿಟ್ಟೆ. ಆಗ ಹಿಂದಿನಿಂದ ಬ್ಯಾಗು ಜಗ್ಗಿತು.

ಅಯ್ಯೋ, ಒಂದು ತಿಂಗಳ ಕಷ್ಟವೆಲ್ಲ ಹೊಳೆ ಪಾಲಾಯಿತಲ್ಲ ಅಂದುಕೊಂಡು ತಿರುಗಿದೆ. ಫ್ಯೂಸು ಕೂತಲ್ಲೇ ಕೂತಿತ್ತು. ಬ್ಯಾಗಿನ ಹಿಡಿ ಮಾವನ ಕೈಯಲ್ಲಿತ್ತು. ಬರಿಗಾಲಲ್ಲಿ ಬಂದಿದ್ದರು. ರಸ್ತೆಯ ತಿರುವಿನಲ್ಲಿ ಬಸ್ಸು ಹಾರನ್ ಹಾಕಿತು. ಮಾವ ಗಡಿಯಾರ ನೋಡಲಿಲ್ಲ.

“ಊಟ ಮಾಡ್ಕಂಡು ಓಗಮ್ಮ” ಅಂದರು.

ಸಂಜೆ ಐದು ಗಂಟೆಗೆ ಯಾವ ಊಟ? ಬಸ್ಸು ಬಂತು, ನಮ್ಮ ಮೂವರನ್ನೂ ನೋಡಿತು, ನಿಲ್ಲಿಸದೆ ಹೋಯಿತು. ನಾನು ಬ್ಯಾಗನ್ನು ಒಳಗಿಟ್ಟು, ಅಕ್ಕಿ ಡಬ್ಬ ಎಲ್ಲಿದೆ ಮಾವ ಅಂದೆ.